ಹನ್ನೆರಡರ ತನಕ ನೀರಿಲ್ಲ

ಬೆಳಿಗ್ಗೆ ಲಿಫ್ಟಿನೊಳಗೆ ಒಂದು ನೋಟೀಸು ಅಂಟಿಸಿದ್ದರು. ‘ಮೇಲ್ಮಟ್ಟದ ಜಲಸಂಗ್ರಹಾಗಾರದ ನಿಯತಕಾಲಿಕ ನಿರ್ವಹಣಾ ಕಾಮಗಾರಿಯ ನಿಮಿತ್ತ ಪೂರ್ವಾಹ್ನದ ಅವಧಿಯಲ್ಲಿ ಸರಬರಾಜು ವ್ಯವಸ್ಥೆಯಲ್ಲಿ ತಾತ್ಕಾಲಿಕ ವ್ಯತ್ಯಯ ಉಂಟಾಗುವ ಸಂಭವವಿರುವುದನ್ನು ನಿವಾಸಿಗಳ ಅವಗಾಹನೆಗೆ ತರಲಾಗಿದೆ.’ ಕ್ರಿಯಾಪದ ಸಿಗುವಷ್ಟರಲ್ಲಿ ನೆಲಮಹಡಿ ಬಂತು. ಹೊರಗೆ ಕಸ ಗುಡಿಸುತ್ತಿದ್ದಾಕೆ, “ಟ್ಯಾಂಕ್ ತೊಳೀತಾರಂತೆ ಸಾರ್, ಹನ್ನೆರಡರ ತನಕ ನೀರು ಬರಲ್ಲ, ಬಕೆಟ್ ತುಂಬಿಸ್ಕೊಳ್ಳಿ” ಎಂದರು. ಬಕೆಟ್ಟಿನ ಮಾತು ನೋಟೀಸಿನಲ್ಲಿ ಇರಲೇ ಇಲ್ಲ.

ಸರಳವಾಗಿ ಬರೆಯಬೇಕು ಎಂದು ಉಪದೇಶ ಶುರುಮಾಡಿದರೆ ನೀವು ಪುಟ ಮಗುಚುತ್ತೀರಿ, ಮಗುಚಬೇಕಾದ್ದೇ. ನನ್ನನ್ನು ಕೆಣಕಿದ್ದು ಬೇರೆ. ನೋಟೀಸು ಬರೆದವರಿಗೇನು ಕನ್ನಡ ಬಾರದೆ? ‘ಹನ್ನೆರಡರ ತನಕ ನೀರಿಲ್ಲ’ ಎಂದುಬಿಟ್ಟರೆ ಹನ್ನೆರಡೂ ಐದಕ್ಕೆ ಯಾರಾದರೂ ಬಂದು ಬಾಗಿಲು ಬಡಿಯುತ್ತಾರೆ. ‘ವ್ಯತ್ಯಯ ಉಂಟಾಗುವ ಸಂಭವ’ವನ್ನು ಕೊರಳಪಟ್ಟಿ ಹಿಡಿದು ಕೇಳುವುದು ಹೇಗೆ? ಕಷ್ಟದ ಭಾಷೆ ಎಷ್ಟೋ ಸಲ ಬರೆದವರು ಮುಂಚಿತವಾಗಿ ಪಡೆದುಕೊಂಡ ನಿರೀಕ್ಷಣಾ ಜಾಮೀನು.

ಇಂಥವರ ಮನೆಗೊಬ್ಬಳು ಮನೋರಮೆ ಬೇಕು. ಉಡುಪಿಯಲ್ಲಿ ಹುಡುಗರಿಗೆ ಡ್ರಿಲ್ ಹೇಳಿಕೊಡುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಮುದ್ದಣನಾಗಿ ‘ಶ್ರೀರಾಮಾಶ್ವಮೇಧಂ’ ಬರೆಯುವಾಗ ಕಥೆ ಕೇಳಲು ಕೂರಿಸಿದ್ದು ಅವಳನ್ನು. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುವವಳು ಅವಳು. ಗಂಡ ಸಂಸ್ಕೃತದ ಕಡೆ ಜಾರಿದರೆ ಅಲ್ಲೇ ತಡೆಯುವವಳೂ ಅವಳೇ. ಯಾಗದ ಕುದುರೆ ಎಲ್ಲೆಲ್ಲಿ ಹೋಯಿತೋ ನಮಗೆ ಮರೆತಿದೆ, ಅವಳ ಅಡ್ಡಮಾತು ಮರೆತಿಲ್ಲ. ವಿಚಾರ ಸಂಕಿರಣಗಳ ಮುಂದಿನ ಸಾಲಿನಲ್ಲಿ ಅವಳಿಗೊಂದು ಕುರ್ಚಿ ಹಾಕಿದರೆ ಬೆಳಗಿನ ಗೋಷ್ಠಿ ಕಾಫಿಗೆ ಮೊದಲೇ ಮುಗಿದೀತು.

ಬಿ.ಜಿ.ಎಲ್. ಸ್ವಾಮಿಯವರ ತಲೆಯೊಳಗೇ ಒಬ್ಬಳು ಮನೋರಮೆ ಇದ್ದಿರಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರೊಫೆಸರು, ಹಾರ್ವರ್ಡಿನ ಬೈಲಿಯವರೊಡನೆ ಸಂಶೋಧನೆ ಮಾಡಿದವರು. ಓದುಗನನ್ನು ಹೆದರಿಸುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿತ್ತು. ಅವರೋ, ‘ಹಸುರು ಹೊನ್ನು’ವಿನಲ್ಲಿ ವಿದ್ಯಾರ್ಥಿಗಳ ಕೀಟಲೆ, ಕಾಡಿನ ತಿರುಗಾಟಗಳ ನಡುವೆ ಗಿಡಮರಗಳ ಪರಿಚಯ ಮಾಡಿಸಿಬಿಟ್ಟರು. ಚಿತ್ರಗಳನ್ನೂ ತಾವೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಇನ್ನೊಂದು ಪುಸ್ತಕ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಅರ್ಧ ಪಾಠ ಹೆಸರಿನಲ್ಲೇ ಮುಗಿಯಿತು.

ಆ ಹೆಸರು ನೆನಪಾದರೆ ನನಗೆ ಸಾರಿನದೇ ಯೋಚನೆ. ಮೆಣಸಿನಕಾಯಿ ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಅಂದಮೇಲೆ ಹಕ್ಕಬುಕ್ಕರು ಮೆಣಸಿನಕಾಯಿ ಬಜ್ಜಿಯ ರುಚಿ ಕಂಡವರಲ್ಲ, ಪಾಪ. ಅವರ ಕಾಲದ ಸಾರು ಹೇಗಿದ್ದೀತು ಎಂಬ ಕುತೂಹಲವಿದ್ದರೆ ಶಾಸನ ಹುಡುಕಬೇಡಿ, ಶ್ರಾದ್ಧದ ಊಟಕ್ಕೆ ಹೋಗಿ. ಎಷ್ಟೋ ಮನೆಗಳಲ್ಲಿ ಆವತ್ತು ಆಲೂಗಡ್ಡೆ ಇಲ್ಲ, ಟೊಮೇಟೊ ಇಲ್ಲ. ಖಾರಕ್ಕೆ ಇಂದಿಗೂ ಕಾಳುಮೆಣಸೇ.