ಕೆಸರುಗಾಲದಲ್ಲಿ ಊರು ನೋಡಬೇಕು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೋ ಅರಿಜೋನಾದಲ್ಲೋ ವರ್ಷಗಟ್ಟಲೆ ನೆಲೆಸಿದ ಕನ್ನಡ ಕುಟುಂಬಗಳಿಗೆ, ಮಕ್ಕಳು ದೊಡ್ಡವರಾಗಿ ಕೆಲಸವೂ ಮನೆಯಿಂದಲೇ ಸಾಗುವಂತಾದಾಗ, ಬೇರೊಂದು ಬದುಕಿನ ಆಸೆ ಹುಟ್ಟುವುದು ಸಹಜ. ವಸಂತ, ಬೇಸಿಗೆ, ಎಲೆ ಉದುರುವ ಕಾಲ, ಹಿಮಗಾಲ ನಾಲ್ಕೂ ಸರದಿಯಂತೆ ಬಂದುಹೋಗಬೇಕು. ಊರು ಕಾಲ್ನಡಿಗೆಯಲ್ಲೇ ಸುತ್ತಿ ಮುಗಿಯುವಷ್ಟು ಚಿಕ್ಕದಿರಬೇಕು. ಅಲ್ಲೊಂದು ಹಳೆಯ ಗ್ರಂಥಾಲಯ, ಮುಖ ಪರಿಚಯದ ಅಂಗಡಿ ಇರಬೇಕು. ಇಂಥ ಊರು ಹುಡುಕುವವರ ಕಣ್ಣು ಬೇಗ ಹೋಗಿ ನಿಲ್ಲುವುದು ದೇಶದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ ಮೇಲೆ. ಇಡೀ ರಾಜ್ಯದ ಜನಸಂಖ್ಯೆ 2020ರ ಗಣತಿಯಂತೆ 6 ಲಕ್ಷ 43 ಸಾವಿರ. ನಮ್ಮ ಮೈಸೂರು ನಗರದ್ದಕ್ಕಿಂತ ಕಡಿಮೆ. ಈ ಆಸೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಊರನ್ನು ಆರಿಸುವಾಗ ಜನ ಅಕ್ಟೋಬರಿನಲ್ಲಿ ನೋಡಿ ಮೆಚ್ಚಿ, ಹನ್ನೆರಡು ತಿಂಗಳಿಗೂ ಸೇರಿಸಿ ಮನೆ ಕೊಳ್ಳುತ್ತಾರೆ. ಊರನ್ನು ಅಳೆಯಬೇಕಾದದ್ದು ಅದರ ಅತ್ಯಂತ ಕಷ್ಟದ ಕಾಲದಲ್ಲಿ ಎಂಬುದು ನನ್ನ ವಾದ. ಆ ಊರನ್ನು ನಡೆಸುತ್ತಿರುವವರು ಯಾರು, ಹೇಗೆ ಎಂಬುದು ಕಣ್ಣಿಗೆ ಬೀಳುವುದು ಆಗಲೇ.

ಅಕ್ಟೋಬರಿನ ಸೊಬಗು ಸುಳ್ಳಲ್ಲ. ಹಗಲು ಕಿರಿದಾದಂತೆ ಎಲೆಯ ಹಸಿರು ಬಣ್ಣ ಕರಗಿ, ಅದರಡಿ ಅಡಗಿದ್ದ ಹಳದಿ ಹೊರಬರುತ್ತದೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಕೂಡಿದರೆ ಮೇಪಲ್ ಮರ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಕೆಂಪನ್ನೂ ಹುಟ್ಟಿಸುತ್ತದೆ. ಆದರೆ ನೋಟವೆಲ್ಲ ಪ್ರಕೃತಿಯ ಕೊಡುಗೆಯೆಂದು ತಿಳಿದರೆ ಅರ್ಧ ಕಥೆ ಬಿಟ್ಟಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೆರಿನೋ ಕುರಿಗಳ ಮೇವಿಗಾಗಿ ಇಲ್ಲಿನ ಬಹುಪಾಲು ಬೆಟ್ಟಗಳ ಕಾಡು ಕಡಿದಿದ್ದರು. ಇಂದಿನ ಕಾಡು ಆಮೇಲೆ ಮರಳಿ ಬೆಳೆದದ್ದು. ರಸ್ತೆಬದಿಯ ಜಾಹೀರಾತು ಫಲಕಗಳನ್ನು ರಾಜ್ಯ 1968ರಲ್ಲೇ ಕಾನೂನು ತಂದು ನಿಷೇಧಿಸಿತು. 1970ರಲ್ಲಿ ಬಂದ ಇನ್ನೊಂದು ಕಾನೂನು ದೊಡ್ಡ ಬಡಾವಣೆ, ಕಟ್ಟಡಗಳನ್ನು ಪರಿಸರದ ಪರೀಕ್ಷೆಗೆ ಒಳಪಡಿಸಿತು. ಚೆಲುವಿನ ಹಿಂದೆ ಇಷ್ಟು ತೀರ್ಮಾನಗಳಿವೆ. ಅದನ್ನು ನೋಡಿಹೋಗಲಷ್ಟೇ ಬರುವವರ ಹೊರೆ ಎಷ್ಟೆಂದು 2023ರ ಶರತ್ಕಾಲದಲ್ಲಿ ಎದ್ದು ಕಂಡಿತು: ಫೋಟೋಗಾಗಿ ಮುಗಿಬಿದ್ದ ಪ್ರವಾಸಿಗರಿಂದ ವುಡ್‌ಸ್ಟಾಕ್ ಬಳಿಯ ಪಾಮ್‌ಫ್ರೆಟ್‌ನ ಜನ ಬೇಸತ್ತು, ಆ ಹಂಗಾಮಿನಲ್ಲಿ ಒಂದು ಹಳ್ಳಿ ರಸ್ತೆಯನ್ನೇ ಹೊರಗಿನ ವಾಹನಗಳಿಗೆ ಮುಚ್ಚಿಸಬೇಕಾಯಿತು.

ಇನ್ನು ಮಾರ್ಚ್, ಏಪ್ರಿಲ್‌ಗೆ ಬನ್ನಿ. ಹಿಮಗಾಲಕ್ಕೂ ವಸಂತಕ್ಕೂ ನಡುವೆ ಇಲ್ಲಿ ಐದನೆಯದೊಂದು ಕಾಲವಿದೆ, ಕೆಸರುಗಾಲ. ಮೇಲ್ಮಣ್ಣಿನ ಮಂಜು ಕರಗಿದರೂ ಕೆಳಗಿನ ನೆಲ ಹೆಪ್ಪುಗಟ್ಟಿಯೇ ಇರುತ್ತದೆ. ನೀರು ಇಂಗಲು ದಾರಿಯಿಲ್ಲದೆ ಮಣ್ಣುರಸ್ತೆ ಹೂತುಹೋಗುವ ರಾಡಿಯಾಗುತ್ತದೆ. ರಾಜ್ಯದ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಾಂಬರು ಕಾಣದವು. ಆದರೂ ವರ್ಷದ ಮುಖ್ಯ ಕೆಲಸಗಳು ನಡೆಯುವುದು ಈ ಹೊತ್ತಿನಲ್ಲೇ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಈ ಹವೆಯಲ್ಲಿ ಮಾತ್ರ ಮೇಪಲ್ ಮರದ ರಸ ಹರಿಯುತ್ತದೆ. ಸುಮಾರು 40 ಗ್ಯಾಲನ್ ರಸ ಕುದಿಸಿದರೆ ಸಿಗುವುದು ಒಂದು ಗ್ಯಾಲನ್ ಸಿರಪ್. ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ಹಲವು ಊರುಗಳಲ್ಲಿ ಇಂದಿಗೂ ಮತದಾರರೇ ಒಂದೆಡೆ ಕೂತು, ರಸ್ತೆಗೆ ಜಲ್ಲಿ ಹಾಕಲು ಎಷ್ಟು, ಹಿಮ ತಳ್ಳುವ ಟ್ರಕ್ಕಿಗೆ ಎಷ್ಟು, ಗ್ರಂಥಾಲಯಕ್ಕೆ ಎಷ್ಟು ಎಂದು ವಾದಿಸಿ ಕೈ ಎತ್ತಿ ತೀರ್ಮಾನಿಸುತ್ತಾರೆ. ಡಿಸೆಂಬರಿನಲ್ಲಿ ಆಗುಂಬೆಯನ್ನು ಕಂಡವರಿಗೆ ಮಲೆನಾಡು ಎಷ್ಟು ಗೊತ್ತೋ, ಅಕ್ಟೋಬರಿನಲ್ಲಿ ಮಾತ್ರ ವರ್ಮಾಂಟ್ ಕಂಡವರಿಗೆ ಈ ಊರುಗಳು ಅಷ್ಟೇ ಗೊತ್ತು. ಜುಲೈ ತಿಂಗಳ ಮಳೆಯಲ್ಲಿ ಯಾರ ಮನೆಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದರಲ್ಲಿ ಮಲೆನಾಡಿನ ಊರಿರುತ್ತದೆ.

ಇದೆಲ್ಲ ಭಾವುಕತೆ, ಮನೆ ಬದಲಿಸುವವರು ನೋಡಬೇಕಾದದ್ದು ಬೆಲೆ, ಆಸ್ಪತ್ರೆ, ಇಂಟರ್ನೆಟ್ ಎಂದು ಆಕ್ಷೇಪಿಸಬಹುದು. ಅವನ್ನು ನೋಡಲೇಬೇಕು, ಎರಡು ಮಾತಿಲ್ಲ. ಆದರೆ ಅವುಗಳ ನಿಜಸ್ಥಿತಿ ತಿಳಿಯುವುದೂ ಕಷ್ಟಕಾಲದಲ್ಲೇ. ಆಸ್ಪತ್ರೆ ಎಷ್ಟು ದೂರ ಎಂದು ನಕ್ಷೆ ಹೇಳುತ್ತದೆ; ರಾಡಿಯಲ್ಲಿ ಆಂಬುಲೆನ್ಸ್ ಬರುವುದಕ್ಕೆ ಎಷ್ಟು ಹೊತ್ತು ಎಂದು ಹೇಳುವುದಿಲ್ಲ. ದುಡಿಯುವ ವಯಸ್ಸಿನವರು ಕಡಿಮೆಯಾಗುತ್ತಿದ್ದ ಈ ರಾಜ್ಯ 2018ರಲ್ಲಿ ಕಾನೂನು ಮಾಡಿ, ಇಲ್ಲಿಗೆ ಬಂದು ನೆಲೆಸಿ ದೂರದಿಂದಲೇ ಕೆಲಸ ಮಾಡುವವರಿಗೆ 10,000 ಡಾಲರ್‌ವರೆಗೆ ನೆರವು ಕೊಡಲು ಮುಂದಾಯಿತು. ಜನ ಬೇಕೆಂಬುದು ನಿಜ. ಮನೆಗಳ ಕೊರತೆಯೂ ಅಷ್ಟೇ ನಿಜ. ಹೊರಗಿನವರು ರಜೆಗೆಂದು ಕೊಂಡ ಮನೆಗಳು ಕೆಲವು ಊರುಗಳಲ್ಲಿ ವರ್ಷದ ಬಹುಕಾಲ ಬೀಗ ಹಾಕಿಕೊಂಡಿರುತ್ತವೆ. ಅದೇ ಊರಿನ ಶಿಕ್ಷಕಿಗೆ, ದಾದಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಹಣವಿರುವವರು ಊರನ್ನು ನೋಟಕ್ಕಾಗಿ ಕೊಂಡಷ್ಟೂ ಅದನ್ನು ನಡೆಸುವವರು ಅಲ್ಲಿ ಉಳಿಯಲಾರರು.

ಋತುಗಳೇ ಹದ ತಪ್ಪುತ್ತಿರುವಾಗ ನಾಲ್ಕು ಋತುಗಳ ಊರನ್ನು ಹುಡುಕುವುದೇ ವ್ಯರ್ಥವಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ಮಳೆಗೆ ಸೇತುವೆ ರಸ್ತೆಗಳು ಕೊಚ್ಚಿಹೋಗಿ ಹತ್ತಕ್ಕೂ ಹೆಚ್ಚು ಊರುಗಳು ಹೊರಜಗತ್ತಿನ ಸಂಪರ್ಕ ಕಳೆದುಕೊಂಡವು. 2023ರ ಜುಲೈನಲ್ಲಿ ರಾಜಧಾನಿ ಮಾಂಟ್‌ಪೀಲಿಯರ್‌ನ ಪೇಟೆಯೇ ಮುಳುಗಿತು. ಈ ಊರುಗಳು ನೀರಿನ ಬಲದಿಂದ ಗಿರಣಿ ನಡೆಸಲು ಹೊಳೆಗೆ ಒತ್ತಿಕೊಂಡೇ ಬೆಳೆದವು; ಅಂದದ ಹಳೆಯ ಬೀದಿಯೇ ಹಲವೆಡೆ ಪ್ರವಾಹದ ದಾರಿ. ಹಾಗಾಗಿ ಪ್ರವಾಹದ ನಕ್ಷೆ ನೋಡದೆ ಮನೆ ಕೊಳ್ಳಬಾರದು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಹವೆಯನ್ನು ನಂಬಿ ಊರು ಆರಿಸಿದವರಿಗೆ ಹವೆ ಕೈಕೊಟ್ಟರೆ ಏನೂ ಉಳಿಯುವುದಿಲ್ಲ. ನೆಲಮಾಳಿಗೆಯ ಕೆಸರನ್ನು ನೆರೆಯವರೊಡನೆ ಎತ್ತಿಹಾಕಿದವರಿಗೆ ಊರು ಉಳಿಯುತ್ತದೆ.

ಕನ್ನಡಿಗರಿಗೆ ಎಲ್ಲಕ್ಕಿಂತ ಒಳಗೆ ತಾಗುವ ಸಂದೇಹ ಬೇರೆ: ಹೆಚ್ಚುಕಡಿಮೆ ಎಲ್ಲರೂ ಬಿಳಿಯರೇ ಇರುವ ಪುಟ್ಟ ಊರಿನಲ್ಲಿ ನಾವು ಎಂದಾದರೂ ಊರಿನವರಾಗುತ್ತೇವೆಯೇ? ಹತ್ತಿರದಲ್ಲಿ ಕನ್ನಡ ಕೂಟವಿಲ್ಲ, ಹಬ್ಬಕ್ಕೆ ಹತ್ತು ಮನೆಯವರಿಲ್ಲ. ಈ ಒಂಟಿತನ ಸಣ್ಣದಲ್ಲ. ಮಾತಿಗೆ ಜನ ಬೇಕೇ ಬೇಕು ಎನ್ನುವವರು ದೊಡ್ಡ ನಗರದ ಬಳಿಯೇ ಇರುವುದು ಸರಿ. ಆದರೆ ಸೇರುವ ದಾರಿ ಮುಚ್ಚಿಲ್ಲ. ಮಾಂಟ್‌ಪೀಲಿಯರ್ ಮತ್ತು ವಿನೂಸ್ಕಿ ಪಟ್ಟಣಗಳು 2021ರಿಂದ, ಪೌರತ್ವವಿಲ್ಲದಿದ್ದರೂ ಕಾನೂನುಬದ್ಧವಾಗಿ ನೆಲೆಸಿದವರಿಗೆ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಕೊಟ್ಟಿವೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತವರಿಗೆ ಈ ಹಕ್ಕಿನ ಬೆಲೆ ಚೆನ್ನಾಗಿ ಗೊತ್ತು. ಕೆಂಪೆಲೆ ನೋಡುವ ಅವಕಾಶ ಪ್ರವಾಸಿಗೂ ಸಿಗುತ್ತದೆ. ರಸ್ತೆಗೆ ಎಷ್ಟು ಜಲ್ಲಿ ಎಂದು ಹೇಳುವ ಅಧಿಕಾರ ಊರಿನವರಿಗೆ ಮಾತ್ರ.

ಆದ್ದರಿಂದ ಹುಡುಕುವವರು ಹುಡುಕಲಿ, ಆದರೆ ಕ್ರಮ ತಿರುವುಮುರುವಾಗಲಿ. ಮೊದಲ ಭೇಟಿ ಏಪ್ರಿಲ್‌ನಲ್ಲಿರಲಿ. ಮನೆ ಕೊಳ್ಳುವ ಮೊದಲು ವರ್ಷವಿಡೀ ಬಾಡಿಗೆಗಿದ್ದು, ಮಾರ್ಚ್ ತಿಂಗಳ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಲಿ. ಆ ಜನರ ಜಗಳ ತಮ್ಮದೂ ಹೌದೆನಿಸಿದರೆ, ತೆರಿಗೆಯ ಜೊತೆಗೆ ಒಂದಿಷ್ಟು ಸಂಜೆಗಳನ್ನೂ ಊರಿಗೆ ಕೊಡುವ ಮನಸ್ಸಾದರೆ, ಧೈರ್ಯವಾಗಿ ನೆಲೆಸಲಿ. ಅಂಥವರಿಗೆ ನಾಲ್ಕು ಋತುಗಳೂ ಸಲ್ಲುತ್ತವೆ, ಐದನೆಯದೂ.