ನಲ್ಲೂರು ತೋಪಿನ ಬಿಸಿಲು

ಡಿಸೆಂಬರ್ ಬಂತೆಂದರೆ ದೇವನಹಳ್ಳಿಯವರಾದ ನಾವು ಸ್ವೆಟರು, ಮಂಕಿ ಕ್ಯಾಪು ಹುಡುಕುತ್ತೇವೆ. ದೆಹಲಿಯ ಅಕ್ಕ-ಭಾವ ಮಾತ್ರ 'ಅಬ್ಬಾ, ಎಷ್ಟು ಬೆಚ್ಚಗಿದೆ!' ಎನ್ನುತ್ತಾ ಬಂದಿಳಿಯುತ್ತಾರೆ. ಅಲ್ಲಿನ ಚಳಿ, ಹೊಗೆ ಎರಡೂ ಅಕ್ಕನ ಉಬ್ಬಸಕ್ಕೆ ಆಗದು.

ಬಂದಾಗಲೆಲ್ಲ ಲಾಲ್‌ಬಾಗಿಗೆ ಹೋಗುವುದು ವಾಡಿಕೆ. ಹೈದರಾಲಿ 1760ರಲ್ಲಿ ಆರಂಭಿಸಿದ ಸಸ್ಯೋದ್ಯಾನವದು. ಈ ಸಲ ಅಷ್ಟು ದೂರ ಬೇಡವೆಂದು ನಮ್ಮ ತಾಲ್ಲೂಕಿನದೇ ನಲ್ಲೂರಿನ ಹುಣಸೆ ತೋಪಿಗೆ ಹೋದೆವು. ಸುಮಾರು 54 ಎಕರೆ, ಮುನ್ನೂರರಷ್ಟು ಮರ. ಚೋಳರ ಕಾಲದ್ದೆಂದು ಜನ ನಂಬುತ್ತಾರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಒಡಲು ಪೊಳ್ಳಾದ ಮುದಿ ಮರಗಳೂ ತಲೆಯ ಮೇಲೆ ಹಸಿರು ಹೊತ್ತು ನಿಂತಿವೆ.

ಬಿಸಿಲಿಗೆ ಬೆನ್ನೊಡ್ಡಿ ಬೇರಿನ ಮೇಲೆ ಕುಳಿತ ಅಕ್ಕನೆದುರು ಭಾವ ಹಳೇ ಮಾತು ತೆಗೆದರು: 'ಇಲ್ಲೇ ಇದ್ದುಬಿಡೋಣ ಕಣೇ.'

'ಮೂವತ್ತು ವರ್ಷ ಬೇರುಬಿಟ್ಟ ಜಾಗದಿಂದ ಈ ವಯಸ್ಸಿನಲ್ಲಿ ಕಿತ್ತುಕೊಂಡು ಬರೋಕಾಗುತ್ತೇನ್ರೀ?'

ನಾನು ಬಾಯಿ ಹಾಕಿದೆ: 'ಹುಣಸೆಯ ತವರು ಆಫ್ರಿಕಾ ಕಣಕ್ಕ. ಅರಬರು ಇದನ್ನೇ ಹಿಂದೂಸ್ತಾನದ ಖರ್ಜೂರ ಅಂತ ಕರೆದರು. ನಮ್ಮ ಸಾರಿಗೆ ಬಿದ್ದ ಮೇಲೆ ಇದನ್ನು ಪರದೇಶಿ ಅಂದವರುಂಟಾ?'

'ಅದು ಬೀಜವಾಗಿ ಬಂತಪ್ಪ, ಮುದುಕಿಯಾಗಿ ಅಲ್ಲ' ಎಂದು ಅಕ್ಕ ನಕ್ಕಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಭಾವನೂ ಸುಮ್ಮನಾದರು.

ರಾತ್ರಿ ಊಟವಾದ ಮೇಲೆ ಅಕ್ಕ ತಾನಾಗಿಯೇ ಹೇಳಿದಳು: ಜನವರಿಯ ಟಿಕೆಟ್ಟನ್ನು ಮಾರ್ಚಿಗೆ ಬದಲಿಸಬೇಕಂತೆ. ಹುಣಸೆಹಣ್ಣು ಬಡಿಯುವುದನ್ನು ನೋಡಿ ಎಷ್ಟು ವರ್ಷವಾಯಿತೋ ಎಂದಳು. ಭಾವ ಏನೂ ಕೇಳದೆ ಕನ್ನಡಕ ಹುಡುಕಿದರು.