ಪಿಟ್ಸ್‌ಬರ್ಗಿನ ಪುಟ್ಟ ಚೀಟಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಮೂರು ನದಿಗಳ ಊರು. ಅಲೆಗೆನಿ ಮತ್ತು ಮೊನೊಂಗಹೀಲಾ ನದಿಗಳು ಇಲ್ಲಿ ಕೂಡಿಕೊಂಡು ಒಹಾಯೊ ಎಂಬ ಹೊಸ ಹೆಸರಿನಿಂದ ಮುಂದಕ್ಕೆ ಹರಿಯುತ್ತವೆ. ಒಂದು ಕಾಲಕ್ಕೆ ಉಕ್ಕಿನ ಕುಲುಮೆಗಳ ಹೊಗೆ ಕವಿದು ಹಗಲಲ್ಲೂ ಬೀದಿದೀಪ ಹಚ್ಚಬೇಕಾಗುತ್ತಿದ್ದ ನಗರವಿದು. ಅಲೆಗೆನಿಯ ದಡದಲ್ಲಿರುವ ಪಿಎನ್‌ಸಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದ ಹೊರಗೆ, ಆಗತಾನೆ ಚೆಂಡು ಬಾರಿಸಿ ಅದು ಹೋದ ದಿಕ್ಕನ್ನೇ ನೋಡುತ್ತ ನಿಂತ ಆಟಗಾರನ ದೊಡ್ಡ ಪ್ರತಿಮೆಯೊಂದಿದೆ. ಆತನೇ ಹೋನಸ್ ವ್ಯಾಗ್ನರ್. 1955ರಲ್ಲಿ ಪ್ರತಿಮೆ ಅನಾವರಣವಾದಾಗ ಆತ ಇನ್ನೂ ಬದುಕಿದ್ದ. ಅದೇ ಡಿಸೆಂಬರಿನಲ್ಲಿ ತೀರಿಕೊಂಡ. ತಂಡ ಮೈದಾನ ಬದಲಿಸಿದಂತೆಲ್ಲ ಪ್ರತಿಮೆಯೂ ಜಾಗ ಬದಲಿಸಿತು. ಈಗಿನದು ಮೂರನೆಯದು.

ಆದರೆ ಜಗತ್ತಿನ ಸಂಗ್ರಾಹಕರು ವ್ಯಾಗ್ನರ್‌ನ ಹೆಸರು ಹೇಳುವುದು ಈ ಪ್ರತಿಮೆಗಾಗಿ ಅಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ರಟ್ಟಿನ ಚೀಟಿಗಾಗಿ! 2022ರಲ್ಲಿ ಅಂಥ ಒಂದು ಚೀಟಿ 72.5 ಲಕ್ಷ ಡಾಲರಿಗೆ, ಅಂದರೆ ಆಗಿನ ಲೆಕ್ಕದಲ್ಲಿ 57 ಕೋಟಿ ರೂಪಾಯಿಗೂ ಮೇಲಿನ ಬೆಲೆಗೆ ಕೈ ಬದಲಾಯಿಸಿತು.

ನಗರದಿಂದ ನೈರುತ್ಯಕ್ಕೆ ಐದಾರು ಮೈಲಿ ಹೋದರೆ ಕಾರ್ನೆಗಿ ಎಂಬ ಸಣ್ಣ ಪಟ್ಟಣ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಹೆಸರಿಟ್ಟುಕೊಂಡದ್ದಕ್ಕೆ ಆತನಿಂದ ಊರಿಗೊಂದು ಗ್ರಂಥಾಲಯವೂ ದೊರೆಯಿತು. 1874ರಲ್ಲಿ ವ್ಯಾಗ್ನರ್ ಹುಟ್ಟಿದ್ದು ಇಲ್ಲೇ, ಜರ್ಮನಿಯಿಂದ ವಲಸೆ ಬಂದ ಬಡ ಕುಟುಂಬದಲ್ಲಿ. ಹನ್ನೆರಡರ ಹುಡುಗ ಶಾಲೆ ಬಿಟ್ಟು ಅಪ್ಪನ ಜೊತೆ ಕಲ್ಲಿದ್ದಲ ಗಣಿಗೆ ಇಳಿದ. ಮುಂದೆ 1900ರಿಂದ 1917ರವರೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಆಡಿ, ನ್ಯಾಷನಲ್ ಲೀಗ್‌ನಲ್ಲಿ ಎಂಟು ಬಾರಿ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದ. 1936ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಮೊಟ್ಟಮೊದಲು ಆಯ್ಕೆಯಾದ ಐವರಲ್ಲಿ ಆತನೂ ಒಬ್ಬ. ಅಷ್ಟೆಲ್ಲ ಹೆಸರು ಮಾಡಿದರೂ ಆತ ಊರು ಬಿಡಲಿಲ್ಲ. ಕಣ್ಣು ಮುಚ್ಚಿದ್ದೂ ಅದೇ ಕಾರ್ನೆಗಿಯಲ್ಲಿ.

ಈಗ ಚೀಟಿಯ ಕಥೆ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು ಪೊಟ್ಟಣಗಳಲ್ಲಿ ಆಟಗಾರರ ಬಣ್ಣದ ಚಿತ್ರಗಳನ್ನಿಟ್ಟು ಮಾರಿತು. ಪೊಟ್ಟಣ ಬಾಗದಂತೆ ರಟ್ಟು ಬೇಕಿತ್ತು, ಜನರಿಗೆ ಚಿತ್ರ ಬೇಕಿತ್ತು. ಐನೂರಕ್ಕೂ ಹೆಚ್ಚು ಬಗೆಯ ಚೀಟಿಗಳು ಬಂದವು. ಸಿಗರೇಟು ಸೇದುವ ದೊಡ್ಡವರ ಮುಂದೆ ಹುಡುಗರು ಚಿತ್ರಕ್ಕಾಗಿ ಕೈಚಾಚುತ್ತಿದ್ದ ಕಾಲವದು. ವ್ಯಾಗ್ನರ್‌ನ ಒಪ್ಪಿಗೆ ಪಡೆಯಲು ಕಂಪನಿ ಪಿಟ್ಸ್‌ಬರ್ಗಿನ ಕ್ರೀಡಾ ಬರಹಗಾರ ಜಾನ್ ಗ್ರೂಬರ್‌ಗೆ ಹತ್ತು ಡಾಲರಿನ ಆಸೆ ತೋರಿಸಿತ್ತು. ತನ್ನ ಚಿತ್ರ ಸಿಗರೇಟಿನ ಪೊಟ್ಟಣದಲ್ಲಿ ಇರುವುದು ಬೇಡವೆಂದು ವ್ಯಾಗ್ನರ್ ಉತ್ತರ ಬರೆದ. ಗೆಳೆಯನಿಗೆ ನಷ್ಟವಾಗಬಾರದೆಂದು ಜೊತೆಗೆ ತನ್ನದೇ ಹತ್ತು ಡಾಲರಿನ ಚೆಕ್ ಇಟ್ಟು ಕಳಿಸಿದ. 1912ರಲ್ಲಿ 'ದಿ ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆ ಇದನ್ನು ಪ್ರಕಟಿಸಿತು.

ಕಾರಣವೇನು? ತನ್ನ ಚಿತ್ರದಾಸೆಗೆ ಮಕ್ಕಳು ಹೊಗೆಸೊಪ್ಪು ಕೊಳ್ಳಬಾರದೆಂಬ ಕಾಳಜಿ ಎಂದು ಕೆಲವರು. ಸಂಭಾವನೆ ಸಾಲದೆಂಬ ಮುನಿಸು ಎಂದು ಮತ್ತೆ ಕೆಲವರು. ಮೊದಲನೆಯ ಮಾತು ಕಿವಿಗೆ ಇಂಪು, ನಿಜ. ಆದರೆ ಆತ ಸ್ವತಃ ಹೊಗೆಸೊಪ್ಪು ಅಗಿಯುತ್ತಿದ್ದ; ಅದಕ್ಕೂ ಮೊದಲು ಸಿಗಾರಿನ ಜಾಹೀರಾತಿನಲ್ಲಿ ಆತನ ಚಿತ್ರ ಬಂದಿತ್ತು. ತಾನು ಅಗಿಯುವವನೇ ಮಕ್ಕಳಿಗೆ ಬೇಡವೆಂದಿರಲೂಬಹುದು. ಎಷ್ಟು ಮನೆಗಳಲ್ಲಿ ಹಾಗಿಲ್ಲ? ಅಂತೂ ಮುದ್ರಣ ನಿಂತಿತು. ಅಷ್ಟರಲ್ಲಿ ಹೊರಬಿದ್ದಿದ್ದ ಕೆಲವೇ ಪ್ರತಿಗಳಲ್ಲಿ ಇಂದು ಉಳಿದಿರುವುದು ಸುಮಾರು ಅರವತ್ತು.

ಚೀಟಿಯಲ್ಲಿ ಕಿತ್ತಳೆ ಹಿನ್ನೆಲೆ, ನಡುಬೈತಲೆಯ ಗಂಭೀರ ಮುಖ, ಅಂಗಿಯ ಮೇಲೆ ಊರಿನ ಹೆಸರು. ಆ ಹೆಸರಿನ ಇಂಗ್ಲಿಷ್ ಕಾಗುಣಿತದ ಕೊನೆಯ 'ಎಚ್' ಅಕ್ಷರವಿಲ್ಲ. ಅದು ಮುದ್ರಣದೋಷವಲ್ಲ. 1891ರಲ್ಲಿ ಸರ್ಕಾರಿ ಮಂಡಳಿ ಆ ಅಕ್ಷರವನ್ನು ಕಿತ್ತುಹಾಕಿತ್ತು; ಊರವರು ಹಟ ಹಿಡಿದು 1911ರಲ್ಲಿ ಮರಳಿ ಪಡೆದರು!

ಅಪರೂಪವಾದುದಕ್ಕೆಲ್ಲ ಬೆಲೆ ಬರುತ್ತದೆಯೇ? ಇಲ್ಲ. ಅದೇ ಸರಣಿಯಲ್ಲಿ ಜೋ ಡಾಯ್ಲ್ ಎಂಬಾತನ ಲೀಗನ್ನು ತಪ್ಪಾಗಿ ಮುದ್ರಿಸಿದ ಚೀಟಿಯೊಂದಿದೆ. ಅದು ವ್ಯಾಗ್ನರ್‌ನದಕ್ಕಿಂತಲೂ ಅಪರೂಪ, ಆದರೂ ಬೆಲೆ ಎಷ್ಟೋ ಕಡಿಮೆ. ಡಾಯ್ಲ್ ದೊಡ್ಡ ಆಟಗಾರನಲ್ಲ. ಬೇಡವೆಂದು ಹಿಂದಿರುಗಿಸಿದ ಕಥೆಯೂ ಅವನಿಗಿಲ್ಲ. ಮಿಕಿ ಮ್ಯಾಂಟಲ್‌ನ 1952ರ ಚೀಟಿ 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಗಿ ವ್ಯಾಗ್ನರ್‌ನದನ್ನು ಹಿಂದಿಕ್ಕಿತು. ಅದೂ ಹಾಗೆಯೇ: ಮಾರಾಟವಾಗದೆ ಉಳಿದ ರಾಶಿಯನ್ನು ಕಂಪನಿಯವರೇ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದಿದ್ದರು.

ಇನ್ನೊಂದು ಮಾನದಂಡ ಚೀಟಿಯ ಸ್ಥಿತಿ. ಮೂಲೆ ಚೂಪಾಗಿರಬೇಕು, ಅಂಚು ಸವೆದಿರಬಾರದು. ಇಲ್ಲೇ ಮೋಸಕ್ಕೆ ದಾರಿ. ವ್ಯಾಗ್ನರ್ ಚೀಟಿಗಳಲ್ಲಿ ಅತಿ ಅಚ್ಚುಕಟ್ಟಾದುದನ್ನು 1991ರಲ್ಲಿ ಐಸ್ ಹಾಕಿ ತಾರೆ ವೇನ್ ಗ್ರೆಟ್ಸ್ಕಿ ಪಾಲುದಾರನೊಡನೆ 4,51,000 ಡಾಲರಿಗೆ ಕೊಂಡ. ಮುಂದೆ ಅದನ್ನು ಒಂದು ಲಾಟರಿಯ ಬಹುಮಾನವಾಗಿಟ್ಟರು. ಗೆದ್ದದ್ದು ಫ್ಲಾರಿಡಾದ ಅಂಚೆ ನೌಕರಳೊಬ್ಬಳು. ತೆರಿಗೆ ಕಟ್ಟಲಾಗದೆ 1996ರಲ್ಲಿ ಹರಾಜಿಗೆ ಕೊಟ್ಟಳು. 2007ರಲ್ಲಿ ಬೆಲೆ 28 ಲಕ್ಷ ಡಾಲರ್ ಮುಟ್ಟಿತು. 2013ರಲ್ಲಿ, ಅದನ್ನು ಹಿಂದೆ ಮಾರಿದ್ದ ವ್ಯಾಪಾರಿ ಬಿಲ್ ಮಾಸ್ಟ್ರೊ ತಾನೇ ಅಂಚು ಕತ್ತರಿಸಿ ಚೊಕ್ಕಗೊಳಿಸಿದ್ದೆನೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಹರಾಜಿನ ವಂಚನೆಗಾಗಿ ಆತನಿಗೆ ಜೈಲಾಯಿತು. ಸವೆದ ಮೂಲೆಗಳಿರುವ ಬಡಪಾಯಿ ಚೀಟಿಗಳೇ ಪ್ರಾಮಾಣಿಕವೆಂದಾಯಿತು.

ಹಣದ ಮಾತಿಲ್ಲದೆ ವ್ಯಾಗ್ನರ್ ಚೀಟಿ ಇರುವ ತಾಣವೂ ಒಂದಿದೆ: ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯ. ಅಲ್ಲಿಗೆ ಅದನ್ನು ಕೊಟ್ಟವನು ಜೆಫರ್ಸನ್ ಬರ್ಡಿಕ್, ಸಿರಕ್ಯೂಸ್ ನಗರದ ಒಬ್ಬ ಕಾರ್ಮಿಕ. ಚೀಟಿಗಳಿಗೆ ಕ್ರಮಸಂಖ್ಯೆ ಕೊಟ್ಟು ಪಟ್ಟಿ ಮಾಡಿದವನೂ ಆತನೇ. 'ಟಿ206' ಎಂಬ ಸರಣಿಯ ಹೆಸರು ಆತ ಇಟ್ಟದ್ದು. ಮೂರು ಲಕ್ಷಕ್ಕೂ ಹೆಚ್ಚು ಚೀಟಿ, ಅಂಚೆಕಾರ್ಡುಗಳನ್ನು ಒಂದು ಕಾಸೂ ಕೇಳದೆ ಕೊಟ್ಟ. ಸಂಧಿವಾತದಿಂದ ಬೆರಳು ಮಡಚಲಾಗದಿದ್ದರೂ ವರ್ಷಗಟ್ಟಲೆ ಸಂಗ್ರಹಾಲಯದಲ್ಲಿ ಕುಳಿತು ಅವನ್ನು ಆಲ್ಬಂಗಳಿಗೆ ಅಂಟಿಸಿದ. ಕೆಲಸ ಮುಗಿದದ್ದು 1963ರ ಜನವರಿಯಲ್ಲಿ. ಎರಡು ತಿಂಗಳ ನಂತರ ಬರ್ಡಿಕ್ ತೀರಿಕೊಂಡ.